ಹುಟ್ಟು ಹಾಕುವ ವಿದ್ಯೆ

ಕನ್ನಡದಲ್ಲಿ ‘ಹುಟ್ಟು’ ಎಂಬುದೊಂದು ಪುಟ್ಟ ಪದ. ಜನ್ಮಕ್ಕೂ ಅದೇ ಹೆಸರು. ಅಡಿಗೆಮನೆಯ ಮರದ ಸೌಟಿಗೂ ಅದೇ ಹೆಸರು. ಅಂಬಿಗನ ಕೈಯಲ್ಲಿ ನೀರನ್ನು ಹಿಂದಕ್ಕೆ ತಳ್ಳುವ ಮರದ ಸಾಧನಕ್ಕೂ ಅದೇ ಹೆಸರು. ಮೊದಲನೆಯದು ನಮ್ಮ ಇಚ್ಛೆಯಿಲ್ಲದೆ ಬಂದದ್ದು. ಎರಡನೆಯದು ಅಮ್ಮನ ಕೈಯಿಂದ ಬಂದದ್ದು. ಮೂರನೆಯದನ್ನು ಮಾತ್ರ ನಾವೇ ಕೈಚಾಚಿ ಹಿಡಿಯಬೇಕು. ನಾನು ಅದನ್ನು ಮೊದಲ ಸಲ ಹಿಡಿದದ್ದು ಅರವತ್ತಾರನೆಯ ವಯಸ್ಸಿನಲ್ಲಿ, 2019ರ ಬೇಸಿಗೆಯಲ್ಲಿ, ಊರಿನಿಂದ ಬಹುದೂರದ ವ್ಯಾಂಕೂವರ್ ನಗರದಲ್ಲಿ.

ತುಂಗೆಯ ದಡದ ಹಳ್ಳಿಯಲ್ಲಿ ಬೆಳೆದವನು ನಾನು. ಸೇತುವೆಯಿಲ್ಲದ ಆ ಕಾಲದಲ್ಲಿ ಶಾಲೆಗೆ ಹೋಗಬೇಕಾದರೂ ದೋಣಿ, ಮದುವೆಯ ದಿಬ್ಬಣಕ್ಕೂ ದೋಣಿ. ಆದರೂ ಹುಟ್ಟು ಮುಟ್ಟಿದವನಲ್ಲ. ಅದು ಅಂಬಿಗನ ಕೆಲಸ. ನಾವು ಕಾಸು ಕೊಟ್ಟು ಕುಳಿತು ನೀರು ನೋಡುವವರು. ಹೀಗಿರುವಾಗ, ಮಗಳ ಮನೆಗೆಂದು ಹೋದ ನಾನು ಅಲ್ಲಿಯ ಫಾಲ್ಸ್ ಕ್ರೀಕ್ ಎಂಬ ಸಮುದ್ರದ ಕವಲಿನ ದಡದಲ್ಲಿ ಸಂಜೆ ತಿರುಗಾಡುತ್ತಿದ್ದಾಗ ಒಂದು ದೃಶ್ಯ ಕಂಡೆ. ಉದ್ದನೆಯ, ಸಪೂರವಾದ ಒಂದು ದೋಣಿ. ಅದರಲ್ಲಿ ಎರಡು ಸಾಲಾಗಿ ಇಪ್ಪತ್ತು ಮಂದಿ ಹೆಂಗಸರು, ಎಲ್ಲರೂ ಗುಲಾಬಿ ಬಣ್ಣದ ಅಂಗಿ ತೊಟ್ಟವರು. ಕೆಲವರ ತಲೆ ಪೂರಾ ನರೆತಿತ್ತು. ಇಪ್ಪತ್ತು ಹುಟ್ಟುಗಳು ಒಟ್ಟಿಗೆ ನೀರಿಗೆ ಬಿದ್ದು ಒಟ್ಟಿಗೆ ಏಳುತ್ತಿದ್ದವು. ದೋಣಿ ನೀರಿನ ಮೇಲೆ ಗೆರೆ ಕೊರೆದಂತೆ ಸಾಗುತ್ತಿತ್ತು. ಆ ಹೆಂಗಸರು ಯಾರು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ದೋಣಿಯ ಕಥೆ.

ಅದು ಡ್ರ್ಯಾಗನ್ ದೋಣಿ. ಅದರ ತವರು ಚೀನ ದೇಶ. ಚೀನೀಯರ ಚಾಂದ್ರಮಾನ ಪಂಚಾಂಗದ ಐದನೆಯ ತಿಂಗಳ ಐದನೆಯ ದಿನ ದುವಾನ್‌ವು ಎಂಬ ಹಬ್ಬ ಬರುತ್ತದೆ. ನಮ್ಮ ಲೆಕ್ಕದಲ್ಲಿ ಅದು ಬಹುಮಟ್ಟಿಗೆ ಜೂನ್ ತಿಂಗಳು. ಅಂದು ನದಿಗಳಲ್ಲಿ ದೋಣಿಯ ಪಂದ್ಯ ನಡೆಯುತ್ತದೆ. ಈ ಹಬ್ಬಕ್ಕೂ ಸಾಹಿತ್ಯಕ್ಕೂ ಸಂಬಂಧವಿದೆ ಎಂಬುದು ಸಾಹಿತ್ಯಪ್ರಿಯರಾದ ನಮಗೆ ಸಂತೋಷದ ಸಂಗತಿ. ಕ್ರಿಸ್ತಪೂರ್ವ ನಾಲ್ಕನೆಯ ಮತ್ತು ಮೂರನೆಯ ಶತಮಾನಗಳಲ್ಲಿ ಚು ಎಂಬ ರಾಜ್ಯದಲ್ಲಿ ಚ್ಯು ಯುಆನ್ ಎಂಬ ಕವಿಯಿದ್ದ. ಆತ ಮಂತ್ರಿಯೂ ಆಗಿದ್ದ. ನಿಷ್ಠುರವಾದ ಸಲಹೆ ಕೊಟ್ಟ ಮಂತ್ರಿಗೆ ಎಲ್ಲ ಕಾಲದಲ್ಲೂ ಆಗುವ ಗತಿ ಅವನಿಗೂ ಆಯಿತು. ಆಸ್ಥಾನದವರ ಚಾಡಿಮಾತಿಗೆ ರಾಜ ಕಿವಿಗೊಟ್ಟ, ಕವಿ ದೇಶಭ್ರಷ್ಟನಾದ. ಕ್ರಿ.ಪೂ. 278ರಲ್ಲಿ ಚು ರಾಜ್ಯದ ರಾಜಧಾನಿ ಚಿನ್ ಸೈನ್ಯದ ವಶವಾಯಿತು. ಆ ಸುದ್ದಿ ಕೇಳಿದ ಕವಿ ಕಲ್ಲೊಂದನ್ನು ತಬ್ಬಿಕೊಂಡು ಮಿಲುವೊ ನದಿಗೆ ಹಾರಿದನೆಂದು ಸಂಪ್ರದಾಯ ಹೇಳುತ್ತದೆ. ದಡದ ಬೆಸ್ತರು ಅವನನ್ನು ಉಳಿಸಲು ತಾಮುಂದು ನಾಮುಂದು ಎಂದು ದೋಣಿಗಳನ್ನು ಹಾಯಿಸಿದರಂತೆ, ದೇಹ ಸಿಕ್ಕಲಿಲ್ಲ. ಮೀನುಗಳು ಆ ದೇಹವನ್ನು ಮುಟ್ಟದಿರಲೆಂದು ನೀರಿಗೆ ಅನ್ನ ಎರಚಿದರಂತೆ. ಇಂದಿಗೂ ಆ ಹಬ್ಬದ ದಿನ ಎಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ತಿನಿಸೊಂದನ್ನು ಮಾಡುತ್ತಾರೆ. ನಮ್ಮ ಕೊಟ್ಟೆ ಕಡುಬಿನ ದೂರದ ನಂಟಸ್ತಿಕೆ ಅದಕ್ಕೆ ಇದ್ದೀತು ಎಂದು ನನಗೆ ಅನ್ನಿಸಿತು.

ಇತಿಹಾಸಕಾರರು ಈ ಕಥೆಯನ್ನು ಹಾಗೆಯೇ ಒಪ್ಪುವುದಿಲ್ಲ. ಚೀನದ ಬೇರೆ ಬೇರೆ ಪ್ರಾಂತಗಳಲ್ಲಿ ಇದೇ ಹಬ್ಬಕ್ಕೆ ಬೇರೆ ಬೇರೆ ನಾಯಕರಿದ್ದಾರೆ. ಕೆಲವು ವಿದ್ವಾಂಸರ ಮತದಲ್ಲಿ ಹಬ್ಬ ಕವಿಗಿಂತ ಹಳೆಯದು. ಮಳೆಬೆಳೆಗಳ ಅಧಿದೇವತೆಯಾದ ಡ್ರ್ಯಾಗನ್ನಿನ ಆರಾಧನೆಯೇ ಅದರ ಮೂಲ. ಅಲ್ಲಿಯ ಡ್ರ್ಯಾಗನ್ ಪಶ್ಚಿಮದ ಕಥೆಗಳಲ್ಲಿ ಬರುವ, ಬೆಂಕಿಯುಗುಳುವ ರಾಕ್ಷಸ ಪ್ರಾಣಿಯಲ್ಲ. ನೀರಿನ ಒಡೆಯ, ಮಂಗಳಕಾರಿ. ನಮ್ಮ ನಾಗನಿಗೆ ಹತ್ತಿರದವನು. ಮೊದಲು ಆಚರಣೆ ಇತ್ತು, ಆಮೇಲೆ ಜನ ತಾವು ಪ್ರೀತಿಸಿದ ಕವಿಯೊಬ್ಬನನ್ನು ಅದರೊಳಗೆ ಕೂರಿಸಿದರು ಎಂದು ಊಹಿಸಬಹುದು. ಹಾಗಾಗಿದ್ದರೂ ಕವಿಗೆ ಅದು ಸಣ್ಣ ಗೌರವವೇನೂ ಅಲ್ಲ.

ದೋಣಿಯ ಮೂತಿಗೆ ಡ್ರ್ಯಾಗನ್ನಿನ ತಲೆ, ಹಿಂಭಾಗಕ್ಕೆ ಬಾಲ. ಪಂದ್ಯಕ್ಕೆ ಮುಂಚೆ ಅದರ ಕಣ್ಣುಗುಡ್ಡೆಗೆ ಕುಂಚದಿಂದ ಬಣ್ಣದ ಚುಕ್ಕೆ ಇಟ್ಟು ಅದನ್ನು ನಿದ್ದೆಯಿಂದ ಎಬ್ಬಿಸುವ ಶಾಸ್ತ್ರವಿದೆ. ವಿಗ್ರಹಕ್ಕೆ ಕೊನೆಯಲ್ಲಿ ಕಣ್ಣು ಬಿಡಿಸುವ ನಮ್ಮ ಶಿಲ್ಪಿಗಳ ಪದ್ಧತಿಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ಇನ್ನೊಂದು ರೂಢಿಯುಂಟು. ಹಬ್ಬ ಮುಗಿದ ಮೇಲೆ ಮರದ ದೋಣಿಯನ್ನು ಕೊಳದ ಅಥವಾ ಕಾಲುವೆಯ ತಳದ ಕೆಸರಿನಲ್ಲಿ ಹೂತಿಡುತ್ತಾರೆ. ಮುಂದಿನ ವರ್ಷ ಹಬ್ಬದ ಹೊತ್ತಿಗೆ ಅಗೆದು ಮೇಲೆತ್ತಿ ತೊಳೆಯುತ್ತಾರೆ. ಒಣಗಾಳಿಗೆ ಬಿಟ್ಟರೆ ಮರ ಸೀಳುತ್ತದೆ. ಗಾಳಿಯಾಡದ ಕೆಸರಿನಲ್ಲಿ ಅದು ಕೆಡುವುದಿಲ್ಲ. ಶಾಸ್ತ್ರವೂ ಉಪಯುಕ್ತತೆಯೂ ಹೀಗೆ ಕೈಹಿಡಿದು ನಡೆಯುವುದು ಹಳೆಯ ಬಾಳಿನ ಲಕ್ಷಣ. ಆ ಹಳೆಯ ಬಾಳಿಗೆ ಇನ್ನೊಂದು ಮುಖವೂ ಇತ್ತು: ಅನೇಕ ಹಳ್ಳಿಗಳಲ್ಲಿ ಹೆಂಗಸರು ಈ ದೋಣಿಯನ್ನು ಹತ್ತುವಂತಿರಲಿಲ್ಲ. ಈ ಮಾತನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಹಳ್ಳಿಯ ಹಬ್ಬ ಅಂತರರಾಷ್ಟ್ರೀಯ ಕ್ರೀಡೆಯಾದದ್ದು ಈಚಿನ ಸಂಗತಿ. 1976ರಲ್ಲಿ ಹಾಂಗ್‌ಕಾಂಗಿನ ಬೆಸ್ತರ ತಂಡಗಳೊಡನೆ ಸ್ಪರ್ಧಿಸಲು ಜಪಾನಿನ ನಾಗಸಾಕಿಯಿಂದ ಒಂದು ತಂಡ ಬಂದಿತು. ಆಧುನಿಕ ಪಂದ್ಯಗಳ ಚರಿತ್ರೆಯನ್ನು ಅಲ್ಲಿಂದ ಎಣಿಸುತ್ತಾರೆ. 1986ರಲ್ಲಿ ವ್ಯಾಂಕೂವರಿನಲ್ಲಿ ವಿಶ್ವ ವಸ್ತುಪ್ರದರ್ಶನ ನಡೆದಾಗ ಹಾಂಗ್‌ಕಾಂಗಿನ ದೋಣಿಗಳು ಅಲ್ಲಿಗೂ ಬಂದವು. 1991ರಲ್ಲಿ ಅಂತರರಾಷ್ಟ್ರೀಯ ಡ್ರ್ಯಾಗನ್ ದೋಣಿ ಒಕ್ಕೂಟ ಸ್ಥಾಪನೆಯಾಯಿತು. 1995ರಲ್ಲಿ ಮೊದಲ ವಿಶ್ವ ಸ್ಪರ್ಧೆ ಚೀನದ ಯುಎಯಾಂಗ್ ನಗರದಲ್ಲಿ ನಡೆಯಿತು. ಚ್ಯು ಯುಆನ್ ಮುಳುಗಿದನೆನ್ನುವ ಮಿಲುವೊ ನದಿ ಇರುವುದು ಅದೇ ಸೀಮೆಯಲ್ಲಿ. 2010ರ ಗ್ವಾಂಗ್‌ಜೋ ಏಷ್ಯನ್ ಕ್ರೀಡೆಗಳಲ್ಲಿ ಈ ಪಂದ್ಯಕ್ಕೆ ಪದಕದ ಮನ್ನಣೆ ದೊರೆಯಿತು.

ಇಂದಿನ ಪಂದ್ಯದ ದೋಣಿ ಸಾಮಾನ್ಯವಾಗಿ 12.49 ಮೀಟರ್ ಉದ್ದ. ಅತ್ಯಂತ ಅಗಲವಾದ ಕಡೆಯಲ್ಲೂ 1.16 ಮೀಟರ್ ಮಾತ್ರ. ಹತ್ತು ಹಲಗೆಗಳ ಮೇಲೆ ಜೋಡಿಜೋಡಿಯಾಗಿ ಇಪ್ಪತ್ತು ಮಂದಿ ಹುಟ್ಟು ಹಾಕುವವರು. ಮೂತಿಯ ಬಳಿ ಎತ್ತರದ ಪೀಠದಲ್ಲಿ, ಹಿಂದುಮುಖವಾಗಿ, ನಗಾರಿಯವನು. ಹಿಂಭಾಗದಲ್ಲಿ ನಿಂತುಕೊಂಡೇ ಉದ್ದನೆಯ ಕೋಲುಹುಟ್ಟಿನಿಂದ ದಾರಿ ನಡೆಸುವ ಚುಕ್ಕಾಣಿಗ. ಒಟ್ಟು ಇಪ್ಪತ್ತೆರಡು ಜನ. ಬರಿಯ ದೋಣಿಯ ತೂಕ ಸುಮಾರು 250 ಕಿಲೊ. ಜನ ಕುಳಿತ ಮೇಲೆ ಎರಡು ಟನ್ನಿನ ಹತ್ತಿರ ಬರುತ್ತದೆ. ಅಂದರೆ ನಾವು ನೂಕುವುದು ದೋಣಿಯನ್ನು ಎಂಬುದಕ್ಕಿಂತ ಹೆಚ್ಚಾಗಿ ನಮ್ಮನ್ನೇ.

ಇದನ್ನು ಆ ಇನ್ನೊಂದು ಬಗೆಯ ದೋಣಿಯೊಡನೆ ಗೊಂದಲ ಮಾಡಿಕೊಳ್ಳಬಾರದು. ವಿಶ್ವವಿದ್ಯಾನಿಲಯಗಳ ಪಂದ್ಯಗಳಲ್ಲಿ ಕಾಣುವ ತೆಳುದೋಣಿಯಲ್ಲಿ ಕುಳಿತವರ ಬೆನ್ನು ಗುರಿಯ ಕಡೆಗೆ ಇರುತ್ತದೆ. ಉದ್ದನೆಯ ಕೋಲು ದೋಣಿಯ ಅಂಚಿಗೆ ಸಿಕ್ಕಿಸಿದ್ದು, ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ. ಡ್ರ್ಯಾಗನ್ ದೋಣಿಯಲ್ಲಿ ನಾವು ಹೋಗುವ ಕಡೆಗೆ ಮುಖ ಮಾಡಿ ಕೂರುತ್ತೇವೆ; ಹುಟ್ಟಿಗೆ ನಮ್ಮ ಎರಡು ಕೈಗಳ ಹೊರತು ಬೇರೆ ಆಧಾರವಿಲ್ಲ. ಕೇರಳದ ಆಲಪ್ಪುಳದಲ್ಲಿ 1952ರಿಂದ ನೆಹರೂ ಅವರ ಹೆಸರಿನೊಡನೆ ಕೂಡಿಕೊಂಡಿರುವ ಚುಂಡನ್ ದೋಣಿಗಳ ಪಂದ್ಯವನ್ನು ನೋಡಿದವರಿಗೆ ಈ ವ್ಯತ್ಯಾಸ ಸುಲಭವಾಗಿ ಅರ್ಥವಾಗುತ್ತದೆ. ಅಲ್ಲಿಯೂ ಮುಖ ಮುಂದಕ್ಕೆ, ಹುಟ್ಟು ಬರಿಗೈಯಲ್ಲಿ. ಆದರೆ ಅಲ್ಲಿ ನೂರಕ್ಕೂ ಹೆಚ್ಚು ಜನ, ಹಾಡಿನ ತಾಳ. ಇಲ್ಲಿ ಇಪ್ಪತ್ತು ಜನ, ನಗಾರಿಯ ತಾಳ.

ಈಗ ವಿದ್ಯೆಯ ವಿಷಯಕ್ಕೆ ಬರೋಣ. ಹೊಸಬರಿಗೆಂದು ನಡೆಸುತ್ತಿದ್ದ ಅಭ್ಯಾಸವೊಂದಕ್ಕೆ ಮಗಳು ನನ್ನನ್ನು ಸೇರಿಸಿದಳು. ಅಲ್ಲಿಯ ಶಿಕ್ಷಕಿ ಐವತ್ತು ದಾಟಿದ ಹೆಂಗಸು, ಮಾತು ಕಡಮೆ. ನನ್ನ ಕೈಗೆ ಒಂದು ಹುಟ್ಟು ಕೊಟ್ಟಳು. ನೆಲದ ಮೇಲೆ ನಿಲ್ಲಿಸಿದರೆ ಸೊಂಟವನ್ನು ಸ್ವಲ್ಪ ಮೀರುವಷ್ಟು ಉದ್ದ. ತುದಿಯಲ್ಲಿ ಅಂಗೈಯಿಂದ ಹಿಡಿಯಲು ಅಡ್ಡಹಿಡಿ. ಕೆಳಗೆ ಗೇಣಗಲಕ್ಕೂ ಕಡಮೆಯ ಅಲಗು. ಕುಳಿತುಕೊಳ್ಳುವುದೇ ಮೊದಲ ಪಾಠ. ಹೊರಗಿನ ತೊಡೆ ದೋಣಿಯ ಅಂಚಿಗೆ ಒತ್ತಿರಬೇಕು. ಪಾದ ಮುಂದಿನ ಆಧಾರಕ್ಕೆ ಬಲವಾಗಿ ಊರಿರಬೇಕು. ಒಳಗಿನ ಕೈ ಮೇಲಿನ ಅಡ್ಡಹಿಡಿಯಲ್ಲಿ. ಹೊರಗಿನ ಕೈ ಕೆಳಗೆ, ಅಲಗಿನ ಸಮೀಪದಲ್ಲಿ. ಮೇಲಿನ ಕೈ ಕೂಡ ದೋಣಿಯ ಅಂಚನ್ನು ದಾಟಿ ನೀರಿನ ಮೇಲೆಯೇ ಇರಬೇಕು; ಇಲ್ಲವಾದರೆ ಹುಟ್ಟು ಓರೆಯಾಗುತ್ತದೆ.

ನಾನು ಉತ್ಸಾಹದಿಂದ ನೀರಿಗೆ ಹುಟ್ಟು ಹಾಕಿ ತೋಳಿನಿಂದ ಜಗ್ಗಿದೆ. ಇಪ್ಪತ್ತು ಸಲ ಜಗ್ಗುವಷ್ಟರಲ್ಲಿ ಭುಜ ಸೋತಿತು. ಶಿಕ್ಷಕಿ ದೋಣಿಯನ್ನು ನಿಲ್ಲಿಸಿ ಹೇಳಿದಳು: ತೋಳು ಎಳೆಯುವುದಕ್ಕಲ್ಲ, ತೋಳು ಬರಿಯ ಹಗ್ಗ. ಎಳೆಯುವುದು ಬೆನ್ನು, ಸೊಂಟ ಮತ್ತು ಕಾಲು.

ಆ ಮಾತು ಕೇಳಿದೊಡನೆ ನನಗೆ ನಮ್ಮ ಮನೆಯ ಹಿತ್ತಿಲಿನ ಬಾವಿ ಕಣ್ಣಿಗೆ ಕಟ್ಟಿತು. ನನ್ನ ಅಕ್ಕ ನೀರು ಸೇದುತ್ತಿದ್ದಳು. ಹುಡುಗನಾದ ನಾನು ಸೇದಿದರೆ ನಾಲ್ಕು ಕೊಡಕ್ಕೆ ರಟ್ಟೆ ಬಿದ್ದುಹೋಗುತ್ತಿತ್ತು. ಅಕ್ಕ ಇಪ್ಪತ್ತು ಕೊಡ ಸೇದಿ ನಗುತ್ತ ನಿಲ್ಲುತ್ತಿದ್ದಳು. ಅವಳು ಕೈ ಮುಂದಕ್ಕೆ ಚಾಚಿ ಹಗ್ಗ ಹಿಡಿದು, ಇಡೀ ಮೈಯನ್ನು ಹಿಂದಕ್ಕೆ ತೂಗಿ ಎಳೆಯುತ್ತಿದ್ದಳು. ಅವಳ ಮೊಳಕೈ ಹೆಚ್ಚಾಗಿ ಮಡಿಸುತ್ತಲೇ ಇರಲಿಲ್ಲ. ಯಾರೂ ಅವಳಿಗೆ ಕಲಿಸಿರಲಿಲ್ಲ. ದಿನವೂ ಮಾಡಬೇಕಾದ ಕೆಲಸವೇ ಕಲಿಸಿತ್ತು. ಅರ್ಧ ಶತಮಾನ ಕಳೆದ ಮೇಲೆ ಅದೇ ಪಾಠವನ್ನು ನಾನು ಪರದೇಶದ ನೀರಿನಲ್ಲಿ ಕಲಿಯಬೇಕಾಯಿತು.

ಹುಟ್ಟಿನ ಒಂದು ಹೊಡೆತದಲ್ಲಿ ನಾಲ್ಕು ಘಟ್ಟಗಳನ್ನು ಗುರುತಿಸುತ್ತಾರೆ. ಮೊದಲನೆಯದು ಚಾಚುವುದು. ಸೊಂಟದಿಂದ ಮೇಲಿನ ಮೈಯನ್ನು ತಿರುಗಿಸಿ, ಹೊರಗಿನ ಭುಜವನ್ನು ಮುಂದಕ್ಕೆ ಕೊಟ್ಟು, ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಅಲಗನ್ನು ಒಯ್ಯುವುದು. ಎರಡನೆಯದು ನೀರನ್ನು ಹಿಡಿಯುವುದು. ಅಲಗು ನೀರಿನೊಳಗೆ ಪೂರ್ಣ ಮುಳುಗಬೇಕು. ಮುಳುಗಿದ ಮೇಲೆಯೇ ಎಳೆಯಬೇಕು. ಹೊಸಬರು ಅಲಗು ಅರ್ಧ ಮುಳುಗುವ ಮೊದಲೇ ಎಳೆದುಬಿಡುತ್ತಾರೆ. ಆಗ ಗಾಳಿ ಸೇರಿಕೊಂಡು ನೀರು ಚಿಮ್ಮುತ್ತದೆ, ಸದ್ದು ದೊಡ್ಡದಾಗುತ್ತದೆ, ದೋಣಿ ಮಾತ್ರ ಹೋಗುವುದಿಲ್ಲ. ಒಳ್ಳೆಯ ಹುಟ್ಟಿಗೆ ಸದ್ದು ಕಡಮೆ. ಮೂರನೆಯದು ಎಳೆತ. ಪಾದದಿಂದ ಒತ್ತಿ, ತಿರುಗಿಸಿದ ಸೊಂಟವನ್ನು ಬಿಚ್ಚಿ, ಅಲಗನ್ನು ನೆಟ್ಟಗಿಟ್ಟುಕೊಂಡು ಹಿಂದಕ್ಕೆ ತರುವುದು. ನಾಲ್ಕನೆಯದು ಬಿಡುವುದು. ಕೈ ತೊಡೆಯ ಮಧ್ಯವನ್ನು ದಾಟುವ ಹೊತ್ತಿಗೆ ಅಲಗನ್ನು ಥಟ್ಟನೆ ಮೇಲೆತ್ತಿ ಮತ್ತೆ ಮುಂದಕ್ಕೆ ಒಯ್ಯಬೇಕು.

ಇಲ್ಲಿ ಕೇಳಬಹುದು: ತೊಡೆಯ ಬಳಿಯೇ ಏಕೆ ಬಿಡಬೇಕು? ಇನ್ನೂ ಹಿಂದಕ್ಕೆ ಎಳೆದರೆ ಲಾಭ ಹೆಚ್ಚಲ್ಲವೆ? ಉತ್ತರ ಭೌತವಿಜ್ಞಾನದಲ್ಲಿದೆ. ಅಲಗು ನೆಟ್ಟಗಿದ್ದಾಗ ಅದು ನೀರನ್ನು ಹಿಂದಕ್ಕೆ ತಳ್ಳುತ್ತದೆ. ನೀರು ನಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಸೊಂಟವನ್ನು ದಾಟಿದ ಮೇಲೆ ಅಲಗು ಓರೆಯಾಗಿ ನೀರನ್ನು ಮೇಲಕ್ಕೆ ಎತ್ತತೊಡಗುತ್ತದೆ. ನೀರನ್ನು ಮೇಲಕ್ಕೆ ಎತ್ತಿದರೆ ದೋಣಿ ಅಷ್ಟರಮಟ್ಟಿಗೆ ಕೆಳಕ್ಕೆ ಕುಸಿಯುತ್ತದೆ. ಪಟ್ಟ ಶ್ರಮವೇ ಅಡ್ಡಿಯಾಗುತ್ತದೆ. ಸಾಕಾದ ಜಾಗದಲ್ಲಿ ಬಿಡುವುದು ಕೂಡ ಹಿಡಿಯುವುದರಷ್ಟೇ ಮುಖ್ಯವಾದ ವಿದ್ಯೆ. ಇನ್ನೊಂದು ಸಂಗತಿ: ವೇಗ ಹೆಚ್ಚಿದಂತೆ ನೀರಿನ ತಡೆ ಸುಮಾರಾಗಿ ವೇಗದ ವರ್ಗದಂತೆ ಬೆಳೆಯುತ್ತದೆ; ಬೇಕಾಗುವ ಶಕ್ತಿ ಘನದಂತೆ ಬೆಳೆಯುತ್ತದೆ. ವೇಗವನ್ನು ಎರಡರಷ್ಟು ಮಾಡಲು ಎಂಟರಷ್ಟು ಶಕ್ತಿ ಬೇಕು. ಆದ್ದರಿಂದ ಬರಿಯ ಬಲ ಸೇರಿಸುತ್ತ ಹೋದರೆ ಫಲ ಅಲ್ಪ. ಪೋಲಾಗುವ ಬಲವನ್ನು ಉಳಿಸಿದರೆ ಫಲ ಹೆಚ್ಚು.

ಪೋಲು ಎಲ್ಲಿ ಆಗುತ್ತದೆ? ಬಹುಪಾಲು ಹೊಂದಾಣಿಕೆಯ ಕೊರತೆಯಲ್ಲಿ. ಇಪ್ಪತ್ತು ಮಂದಿ ಬಲಶಾಲಿಗಳು ತಮಗೆ ತೋಚಿದಂತೆ ಹುಟ್ಟು ಹಾಕಿದರೆ, ಒಟ್ಟಿಗೆ ಹಾಕುವ ಇಪ್ಪತ್ತು ಮಂದಿ ಸಾಧಾರಣರು ಅವರನ್ನು ಹಿಂದೆ ಹಾಕುತ್ತಾರೆ. ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕುವುದನ್ನು ನೋಡಿದವರಿಗೆ ತಾಳ ತಪ್ಪಿದರೆ ಏನಾಗುವುದೆಂದು ಗೊತ್ತು. ಇಲ್ಲಿಯೂ ತಾಳ ತಪ್ಪಿದರೆ ಹಿಂದಿನವನ ಹುಟ್ಟು ಮುಂದಿನವನ ಹುಟ್ಟಿಗೆ ಬಡಿಯುತ್ತದೆ. ಒಬ್ಬನು ಮುಂದಕ್ಕೆ ಬಾಗುವಾಗ ಇನ್ನೊಬ್ಬನು ಹಿಂದಕ್ಕೆ ವಾಲಿ ದೋಣಿ ಕುಲುಕುತ್ತದೆ.

ತಾಳವನ್ನು ಇಡುವವನು ನಗಾರಿಯವನು ಎಂದು ನಾನು ತಿಳಿದಿದ್ದೆ. ನಿಜವಾಗಿ ತಾಳ ಇಡುವವರು ಮೊದಲ ಹಲಗೆಯ ಇಬ್ಬರು. ನಗಾರಿಯವನು ಅವರನ್ನು ನೋಡಿ ಬಾರಿಸುತ್ತಾನೆ. ಆ ಮೂಲಕ ಅವರ ತಾಳವನ್ನು ಇಡೀ ದೋಣಿಗೆ ಮುಟ್ಟಿಸುತ್ತಾನೆ. ನಮ್ಮ ಕಣ್ಣೂ ಆ ಮೊದಲಿನವರ ಮೇಲೆಯೇ ಇರಬೇಕು. ತನ್ನ ಮುಂದಿನವನನ್ನು ಮಾತ್ರ ನೋಡುತ್ತ ಕುಳಿತರೆ, ಅವನು ಕೂದಲೆಳೆಯಷ್ಟು ತಡಮಾಡಿದ್ದಕ್ಕೆ ನಾನು ಇನ್ನೊಂದು ಕೂದಲೆಳೆ ಸೇರಿಸುತ್ತೇನೆ. ಹತ್ತನೆಯ ಹಲಗೆಗೆ ಬರುವಷ್ಟರಲ್ಲಿ ದೋಣಿಯ ಉದ್ದಕ್ಕೂ ಕಂಬಳಿಹುಳು ನಡೆದಂತೆ ಅಲೆಯೇಳುತ್ತದೆ. ಕುಳಿತುಕೊಳ್ಳುವ ಜಾಗಕ್ಕೂ ಅರ್ಥವಿದೆ. ಮುಂದೆ ತಾಳದಲ್ಲಿ ಗಟ್ಟಿಗರು. ದೋಣಿ ಅಗಲವಾದ ನಡುವೆ ಮೈಭಾರವಿದ್ದ ಬಲಿಷ್ಠರು. ಮುಂದಿನವರು ಕದಡಿದ ನೀರಿನಲ್ಲೂ ಹಿಡಿತ ಸಾಧಿಸಬಲ್ಲ ಅನುಭವಿಗಳು ಹಿಂದೆ. ನನ್ನನ್ನು ಆರನೆಯ ಹಲಗೆಯಲ್ಲಿ ಕೂರಿಸಿದ್ದರು. ಬಲಕ್ಕಾಗಿ ಎಂದು ಹೆಮ್ಮೆಪಟ್ಟೆ. ಕೆಟ್ಟರೆ ಯಾರಿಗೂ ಕಾಣಬಾರದೆಂದು ಎಂಬುದು ಆಮೇಲೆ ತಿಳಿಯಿತು.

ಪಂದ್ಯದ ದೂರ 200, 500, 1000 ಅಥವಾ 2000 ಮೀಟರ್. ಐನೂರು ಮೀಟರನ್ನು ನುರಿತ ತಂಡಗಳು ಎರಡು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತವೆ. ಗಂಟೆಗೆ ಹದಿನೈದು ಕಿಲೊಮೀಟರಿನ ವೇಗ. ನಿಮಿಷಕ್ಕೆ ಎಪ್ಪತ್ತು ಹೊಡೆತವೆಂದರೆ ಒಟ್ಟು ನೂರನಲವತ್ತು. ಹೊಡೆತಕ್ಕೆ ಮೂರೂವರೆ ಮೀಟರ್. ಆರಂಭದಲ್ಲಿ ನಿಂತ ದೋಣಿಯನ್ನು ಎಬ್ಬಿಸಲು ನಾಲ್ಕಾರು ಆಳವಾದ, ನಿಧಾನದ ಹೊಡೆತ ಬೇಕು. ದೋಣಿ ಮೂತಿಯೆತ್ತಿದ ಮೇಲೆ ಹತ್ತಿಪ್ಪತ್ತು ಚುರುಕಾದ ಹೊಡೆತ. ಆಮೇಲೆ ಉಸಿರಿಗೆ ಹೊಂದುವ ನೀಳವಾದ ಲಯ. ಕೊನೆಯ ನೂರು ಮೀಟರಿನಲ್ಲಿ ಮತ್ತೆ ಉಳಿದದ್ದೆಲ್ಲವೂ. ಪಂದ್ಯ ಕೈತಪ್ಪುವುದು ಸಾಮಾನ್ಯವಾಗಿ ಕೊನೆಯಲ್ಲಲ್ಲ, ನಡುವೆ. ಆರಂಭದ ಆವೇಶ ಇಳಿದು ಕೊನೆಯ ಆಸೆ ಇನ್ನೂ ಹುಟ್ಟದ ಆ ನಡುಗಾಲದಲ್ಲಿ ಹೊಡೆತ ಮೊಟಕಾಗುತ್ತದೆ. ಎರಡು ಸಾವಿರ ಮೀಟರಿನ ಪಂದ್ಯದಲ್ಲಿ ತೇಲುಗುರುತುಗಳನ್ನು ಸುತ್ತಿ ತಿರುಗಬೇಕು. ಅಲ್ಲಿ ಚುಕ್ಕಾಣಿಗನ ಕಾಲು ಗಟ್ಟಿಯಾಗಿರದಿದ್ದರೆ ಇಪ್ಪತ್ತು ಮಂದಿಯ ಬೆವರು ವ್ಯರ್ಥ.

ಒಟ್ಟಾಗಿ ಹುಟ್ಟು ಹಾಕುವುದು ಎಂಬುದು ಎಷ್ಟು ದೊಡ್ಡ ಮಾತು ಎಂಬುದಕ್ಕೆ ಒಂದು ನಿದರ್ಶನ ಕೊಡಬಹುದು. 2018ರ ಏಷ್ಯನ್ ಕ್ರೀಡೆಗಳಲ್ಲಿ ಉತ್ತರ ಮತ್ತು ದಕ್ಷಿಣ ಕೊರಿಯದ ಹೆಂಗಸರು ಒಂದೇ ದೋಣಿಯಲ್ಲಿ ಕುಳಿತು ಐನೂರು ಮೀಟರಿನ ಚಿನ್ನ ಗೆದ್ದರು. ಎರಡು ರಾಷ್ಟ್ರಗೀತೆಗಳಲ್ಲಿ ಯಾವುದನ್ನೂ ನುಡಿಸಲಿಲ್ಲ. ಇಬ್ಬರಿಗೂ ಸೇರಿದ ಹಳೆಯ ಜನಪದ ಗೀತೆಯಾದ ‘ಅರಿರಾಂಗ್’ ನುಡಿಸಿದರು.

ಈಗ ಆ ಗುಲಾಬಿ ಅಂಗಿಯ ಹೆಂಗಸರ ಮಾತು. ಅವರೆಲ್ಲರೂ ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಬದುಕಿದವರು. ಈ ರೋಗದ ಶಸ್ತ್ರಚಿಕಿತ್ಸೆಯಲ್ಲಿ ಅನೇಕ ಸಲ ಕಂಕುಳಿನ ದುಗ್ಧಗ್ರಂಥಿಗಳನ್ನೂ ತೆಗೆಯುತ್ತಾರೆ. ಆಗ ಕೈಯಿಂದ ದುಗ್ಧರಸ ಹರಿದುಹೋಗುವ ದಾರಿ ಕುಂಠಿತವಾಗಿ, ಕೆಲವರಿಗೆ ಕೈ ಬಾತುಕೊಳ್ಳುತ್ತದೆ. ಈ ಬಾವು ಒಮ್ಮೆ ಬಂದರೆ ಹೋಗುವುದು ಕಷ್ಟ. ಶ್ರಮದ ಕೆಲಸ ಮಾಡಿದರೆ ಅದು ಬಂದೇ ಬರುತ್ತದೆ ಎಂದು ಬಹುಕಾಲ ನಂಬಿದ್ದರು. ಆದ್ದರಿಂದ ಚಿಕಿತ್ಸೆ ಮುಗಿಸಿ ಮನೆಗೆ ಹೊರಟ ಹೆಂಗಸಿಗೆ ವೈದ್ಯರು ಹೇಳುತ್ತಿದ್ದ ಬುದ್ಧಿವಾದ: ಆ ಕೈಯಿಂದ ಭಾರ ಎತ್ತಬೇಡ, ಎಳೆಯಬೇಡ, ಮತ್ತೆ ಮತ್ತೆ ಆಡಿಸುವ ಕೆಲಸ ಮಾಡಬೇಡ.

ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾನಿಲಯದ ಕ್ರೀಡಾವೈದ್ಯ ಡಾನ್ ಮೆಕೆಂಜಿ ಅವರಿಗೆ ಈ ನಂಬಿಕೆಯ ಹಿಂದೆ ಗಟ್ಟಿಯಾದ ಆಧಾರ ಕಾಣಲಿಲ್ಲ. ಪರೀಕ್ಷಿಸಬೇಕು, ಹೇಗೆ? ತೋಳು, ಭುಜ, ಬೆನ್ನುಗಳಿಗೆ ಎಡೆಬಿಡದೆ ಶ್ರಮ ಕೊಡುವ ಕೆಲಸವೊಂದು ಬೇಕು. ಊರಿನ ನೀರಿನಲ್ಲಿಯೇ ಅಂಥದು ಕಣ್ಣಿಗೆ ಬಿತ್ತು. 1996ರಲ್ಲಿ ಇಪ್ಪತ್ತನಾಲ್ಕು ಮಂದಿ ಹೆಂಗಸರು ಅವರೊಡನೆ ಮುಂದೆ ಬಂದರು. ಮೊದಲು ವ್ಯಾಯಾಮಶಾಲೆಯಲ್ಲಿ ಮೈಯನ್ನು ಹದಗೊಳಿಸಿದರು. ಆಮೇಲೆ ಡ್ರ್ಯಾಗನ್ ದೋಣಿ ಹತ್ತಿದರು. ಎಲ್ಲವನ್ನೂ ವೈದ್ಯರ ಕಣ್ಣಿನ ಕೆಳಗೆ, ಮೆಲ್ಲಮೆಲ್ಲನೆ ಏರಿಸುತ್ತ ಮಾಡಿದರು. ಆ ಋತು ಮುಗಿದಾಗ ಅವರಲ್ಲಿ ಒಬ್ಬರಿಗೂ ಹೊಸದಾಗಿ ಬಾವು ಬಂದಿರಲಿಲ್ಲ. 1998ರಲ್ಲಿ ಮೆಕೆಂಜಿ ಇದನ್ನು ಕೆನಡದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಪ್ಪತ್ತನಾಲ್ಕು ಜನರಿಂದ ಸಿದ್ಧಾಂತ ಸ್ಥಾಪನೆಯಾಗದು ಎಂದು ಯಾರಾದರೂ ಆಕ್ಷೇಪಿಸಿದರೆ ಅದು ನ್ಯಾಯವೇ. ಆದರೆ ಮುಚ್ಚಿದ್ದ ಬಾಗಿಲು ತೆರೆಯಿತು. 2009ರಲ್ಲಿ ಅಮೆರಿಕದ ಕ್ಯಾಥರಿನ್ ಶ್ಮಿಟ್ಸ್ ಮತ್ತು ಸಂಗಡಿಗರು, ಬಾವು ಆಗಲೇ ಇದ್ದ 141 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕ್ರಮವಾಗಿ ಭಾರ ಎತ್ತಿಸಿ ನೋಡಿದ ಅಧ್ಯಯನವನ್ನು ಪ್ರಕಟಿಸಿದರು. ಭಾರ ಎತ್ತಿದವರಿಗೆ ಬಾವು ಹೆಚ್ಚಲಿಲ್ಲ. ಅದು ಉಲ್ಬಣಿಸುವುದು ಕಡಮೆಯೇ ಆಯಿತು, ಕೈಗೆ ಬಲವೂ ಬಂತು.

ಆ ಇಪ್ಪತ್ತನಾಲ್ಕು ಮಂದಿಯ ಪ್ರಯೋಗ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹೆಂಗಸರು ದೋಣಿಯನ್ನು ಬಿಡಲೊಪ್ಪಲಿಲ್ಲ. ಅವರನ್ನು ನೋಡಿ ಬೇರೆ ಊರುಗಳಲ್ಲಿ, ಬೇರೆ ದೇಶಗಳಲ್ಲಿ ತಂಡಗಳು ಹುಟ್ಟಿದವು; ಇಂದು ಅವು ನೂರಾರು. 2018ರಲ್ಲಿ ಇಟಲಿಯ ಫ್ಲಾರೆನ್ಸಿನ ಆರ್ನೋ ನದಿಯಲ್ಲಿ, 2023ರಲ್ಲಿ ನ್ಯೂಜಿಲೆಂಡಿನ ಕರಾಪಿರೊ ಸರೋವರದಲ್ಲಿ ಇವರ ಮಹಾಮೇಳ ನಡೆಯಿತು. ಮುಟ್ಟಬಾರದೆಂದು ಹಳೆಯ ಹಳ್ಳಿ ಹೇಳಿದ ದೋಣಿಯನ್ನು, ಎತ್ತಬಾರದೆಂದು ಹೊಸ ಆಸ್ಪತ್ರೆ ಹೇಳಿದ ಕೈಗಳು ನಡೆಸಿದವು.

ಆ ಸಂಜೆ ಮಗಳು ಇದನ್ನೆಲ್ಲ ಹೇಳುತ್ತಿದ್ದಾಗ ನಾನು ಮಾತಾಡಲಿಲ್ಲ. ಏಕೆಂದರೆ ನನ್ನ ಅಕ್ಕನಿಗೂ ಇದೇ ರೋಗ ಬಂದಿತ್ತು. 1994ರಲ್ಲಿ ಅವಳಿಗೆ ಶಸ್ತ್ರಚಿಕಿತ್ಸೆಯಾಯಿತು, ಬಲಗಡೆ. ಬಿಡುಗಡೆಯ ದಿನ ಅಲ್ಲಿಯ ವೈದ್ಯರು ಆ ಕಾಲದ ತಿಳಿವಳಿಕೆಯಂತೆ ಆ ಕೈಯನ್ನು ಕಾಪಾಡಿಕೊಳ್ಳಲು ಹೇಳಿದರು. ಆ ಮಾತನ್ನು ಶಾಸನದಂತೆ ನಡೆಸಿದವನು ನಾನು. ಬಾವಿಯ ಹಗ್ಗವನ್ನು ಅವಳ ಕೈಯಿಂದ ತೆಗೆದುಕೊಂಡವನು ನಾನು. ಒರಳಿನ ಮುಂದೆ ಕುಳಿತರೆ ಗದರಿಸಿ ಎಬ್ಬಿಸಿದವನು ನಾನು. ಅಂಗಳದ ರಂಗೋಲಿಗೂ ಬೇರೆಯವರನ್ನು ಗೊತ್ತುಮಾಡಿದೆ. ಎಲ್ಲವೂ ಪ್ರೀತಿಯಿಂದಲೇ. ಅವಳ ಕೈ ಬಾತುಕೊಳ್ಳಲಿಲ್ಲ. ನಮ್ಮ ಎಚ್ಚರದ ಫಲ ಅದು ಎಂದು ನಾವು ಬೀಗಿದೆವು. ಆದರೆ ಆ ಕೈ ವರ್ಷವರ್ಷಕ್ಕೂ ಸೊರಗಿತು, ಭುಜ ಬಿಗಿದುಕೊಂಡಿತು, ತಲೆ ಬಾಚಿಕೊಳ್ಳಲೂ ಸೊಸೆಯನ್ನು ಕರೆಯುವಂತಾಯಿತು. ಅದಕ್ಕಿಂತ ಹೆಚ್ಚಾಗಿ, ಇಡೀ ಮನೆಗೆ ನೀರು ಸೇದುತ್ತಿದ್ದವಳು ಮೂಲೆಯಲ್ಲಿ ಕುಳಿತು ಇತರರ ಕೆಲಸ ನೋಡುವವಳಾದಳು. ವೈದ್ಯರನ್ನು ದೂರಲಾರೆ, ಅಂದು ಜಗತ್ತೆಲ್ಲ ಹಾಗೆಯೇ ತಿಳಿದಿತ್ತು. ನನ್ನನ್ನು ಕಾಡಿದ್ದು ಬೇರೆ: ಇಪ್ಪತ್ತೈದು ವರ್ಷಗಳಲ್ಲಿ ಒಮ್ಮೆಯೂ ಆ ಮಾತನ್ನು ಮರಳಿ ಕೇಳಿ ನೋಡೋಣವೆಂದು ನನಗೆ ತೋಚಲಿಲ್ಲ.

ಊರಿಗೆ ಮರಳಿದ ಮೇಲೆ ಅಕ್ಕನ ಬಳಿ ಕುಳಿತು ಎಲ್ಲವನ್ನೂ ಹೇಳಿದೆ. ದೋಣಿಯ ಚಿತ್ರಗಳನ್ನು ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. “ಇವರಿಗೆಲ್ಲ ನನ್ನ ಹಾಗೇ ಆಗಿತ್ತೇನೊ?” ಎಂದಳು. ಹೌದೆಂದೆ. “ಹಾಗಾದರೆ ಇಷ್ಟು ವರ್ಷ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ಕೂರಿಸಿದೆಯಲ್ಲೊ ಮಾರಾಯ!” ಎಂದು ನಕ್ಕಳು. ಆ ನಗುವಿನಲ್ಲಿ ದೂರಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ನಾವು ನೇರವಾಗಿ ಬಾವಿಕಟ್ಟೆಗೆ ಹೋಗಲಿಲ್ಲ. ಈ ಮಾತನ್ನು ಒತ್ತಿ ಹೇಳಬೇಕು. ಏಕೆಂದರೆ ನನ್ನ ಭಾಷಣ ಕೇಳಿ ಯಾರೂ ನಾಳೆಯೇ ತುಂಬಿದ ಕೊಡ ಎತ್ತಬಾರದು. ವೈದ್ಯರಿಗೆ ತೋರಿಸಿದೆವು. ಅಂಗಸಾಧನೆ ಕಲಿಸುವವರೊಬ್ಬರು ಮೊದಲು ಗೋಡೆಯ ಮೇಲೆ ಬೆರಳು ಹತ್ತಿಸುವುದನ್ನು ಹೇಳಿಕೊಟ್ಟರು. ಆಮೇಲೆ ಅರ್ಧ ಕಿಲೊ, ಆಮೇಲೆ ಒಂದು. ಎಷ್ಟೋ ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ರಾಟೆಯ ಸದ್ದು ಕೇಳಿ ಹಿತ್ತಿಲಿಗೆ ಹೋದೆ. ಎಪ್ಪತ್ತು ದಾಟಿದ ಅಕ್ಕ ಸಣ್ಣ ಬಿಂದಿಗೆಯೊಂದನ್ನು ಸೇದುತ್ತಿದ್ದಳು. ಕೈ ಮುಂದಕ್ಕೆ ಚಾಚಿ, ಮೊಳಕೈ ಮಡಿಸದೆ, ಮೈಯನ್ನು ಹಿಂದಕ್ಕೆ ತೂಗಿ. ನಾನು ನೆರವಿಗೆಂದು ಒಂದು ಹೆಜ್ಜೆ ಮುಂದಿಟ್ಟವನು ನಿಂತುಬಿಟ್ಟೆ. ಸಾಕಾದ ಜಾಗದಲ್ಲಿ ಬಿಡುವುದು ವಿದ್ಯೆಯ ನಾಲ್ಕನೆಯ ಘಟ್ಟವೆಂದು ಆ ಮಾತು ಕಡಮೆಯ ಶಿಕ್ಷಕಿ ನನಗೆ ಕಲಿಸಿದ್ದಳು.

ಆ ಹೆಂಗಸರ ಮೇಳಗಳ ಕೊನೆಯಲ್ಲಿ ಒಂದು ಪದ್ಧತಿಯಿದೆ. ಪಂದ್ಯ ಮುಗಿದ ಮೇಲೆ ದೋಣಿಗಳನ್ನೆಲ್ಲ ಪಕ್ಕಪಕ್ಕಕ್ಕೆ ತಂದು, ಒಂದರ ಅಂಚನ್ನು ಇನ್ನೊಂದರವರು ಹಿಡಿದುಕೊಂಡು, ಸ್ವಲ್ಪ ಹೊತ್ತು ಮೌನವಾಗಿರುತ್ತಾರೆ. ಆಮೇಲೆ, ತಮ್ಮೊಡನೆ ಇದ್ದು ಈಗ ಇಲ್ಲದವರ ನೆನಪಿಗೆ, ಕೈಯಲ್ಲಿದ್ದ ಗುಲಾಬಿ ಬಣ್ಣದ ಹೂಗಳನ್ನು ನೀರಿಗೆ ಹಾಕುತ್ತಾರೆ. ಎರಡು ಸಾವಿರ ವರ್ಷಗಳ ಹಿಂದೆ, ಉಳಿಸಿಕೊಳ್ಳಲಾಗದ ಒಬ್ಬ ಕವಿಗಾಗಿ ನೀರಿಗೆ ಅನ್ನ ಎರಚಿದರೆಂಬ ಕಥೆ ಆಗ ಕಥೆಯಾಗಿ ಉಳಿಯುವುದಿಲ್ಲ. ಹೂ ತೇಲಿ ಹೋದ ಮೇಲೆ ಎಲ್ಲರೂ ಮತ್ತೆ ಹುಟ್ಟು ಎತ್ತಿಕೊಂಡು ದಡದ ಕಡೆಗೆ ದೋಣಿ ತಿರುಗಿಸುತ್ತಾರೆ.

(ಬಾನುಲಿ ಭಾಷಣ)